ಬಲೂನಿಗೆ ಅತ್ತಿದ್ದು, ವ್ಯಾಂಪೈರ್‌ಗೆ ನಕ್ಕಿದ್ದು

ಅಕ್ಕ, ಭಾವ ಎರಡು ದಿನ ಎಲ್ಲಿಗೋ ಹೋಗಬೇಕಿತ್ತು. ಮಕ್ಕಳಿಬ್ಬರನ್ನೂ ನನ್ನ ಹತ್ತಿರ ಬಿಟ್ಟು ಹೊರಡುವಾಗ ಅಕ್ಕ ಬಾಗಿಲಲ್ಲೇ ನಿಂತು ಹೇಳಿದಳು: "ಏನಾದ್ರೂ ಸಿನಿಮಾ ಹಾಕಿ ಕೂರಿಸು. ಆದ್ರೆ ನೋಡ್ಕೊಂಡು ಹಾಕು." ದೊಡ್ಡವಳಿಗೆ 15, ಚಿಕ್ಕವನಿಗೆ 6. ಇಬ್ಬರಿಗೂ ಒಪ್ಪಿಗೆಯಾಗುವ ಸಿನಿಮಾ ಇನ್ನೂ ಯಾರೂ ತೆಗೆದಿಲ್ಲ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಶನಿವಾರ ಚಿಕ್ಕವನ ಸರದಿ. "ಈಚೆಗೆ ಬಂದ ಕಾರ್ಟೂನ್ ಒಂದಿದೆ, ತುಂಬ ಚೆನ್ನಾಗಿದೆಯಂತೆ" ಎಂದು ನಾನೇ 'ಅಪ್' ಹುಡುಕಿ ಹಾಕಿದೆ. ದೊಡ್ಡವಳು ಫೋನಿನಿಂದ ತಲೆ ಎತ್ತಿದಳು. "ಚಿಕ್ಕಿ, ಇದು 2009ರದ್ದು. ನಾನಿನ್ನೂ ಹುಟ್ಟೇ ಇರ್ಲಿಲ್ಲ." ನನ್ನ ಪಾಲಿಗೆ 2009 ಅಂದರೆ ಮೊನ್ನೆ. ಆಗ ತಂದ ಕೊಡೆಯನ್ನು ಈಗಲೂ ಹಿಡಿದುಕೊಂಡು ಓಡಾಡುತ್ತೇನೆ.

ಬಲೂನು ಕಟ್ಟಿಕೊಂಡು ಮನೆ ಹಾರುತ್ತದೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಹಾರುವ ಮೊದಲು ಆ ಮನೆಯಲ್ಲಿ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಕಾರ್ಲ್ ಮತ್ತು ಎಲೀ ಮದುವೆಯಾಗುತ್ತಾರೆ. ದೂರದ ಒಂದು ಜಲಪಾತ ನೋಡಬೇಕೆಂದು ಗಾಜಿನ ಜಾಡಿಯೊಳಗೆ ಚಿಲ್ಲರೆ ಹಾಕುತ್ತಾ ಹೋಗುತ್ತಾರೆ. ಜಾಡಿ ಸ್ವಲ್ಪ ತುಂಬುತ್ತದೆ, ಕಾರಿನ ಟೈರು ಪಂಕ್ಚರ್. ಜಾಡಿ ಒಡೆಯುತ್ತಾರೆ. ಮತ್ತೆ ತುಂಬಿಸುತ್ತಾರೆ, ಕಾಲು ಮುರಿಯುತ್ತದೆ. ಮತ್ತೆ ತುಂಬಿಸುತ್ತಾರೆ, ಮನೆ ಮೇಲೆ ಮರ ಬೀಳುತ್ತದೆ. ಮಾತೇ ಇಲ್ಲ, ಬರೀ ಸಂಗೀತ. ಬೇರೆಯವರು ಎಲೀ ಸಾಯುವಾಗ ಅಳುತ್ತಾರಂತೆ. ನನಗೆ ಟೈರಿಗೇ ಗಂಟಲು ಕಟ್ಟಿತು. ಪ್ರವಾಸಕ್ಕೆಂದು ಎತ್ತಿಟ್ಟ ದುಡ್ಡು ಗಾಡಿ ರಿಪೇರಿಗೆ ಹೋಗುವ ಸಂಕಟ ಗೊತ್ತಿದ್ದವರಿಗೆ ಅದಕ್ಕಿಂತ ದೊಡ್ಡ ದುರಂತ ಬೇಕಾಗಿಲ್ಲ. ಎಲೀ ಗುಡ್ಡ ಹತ್ತಲಾಗದೆ ಬೀಳುವ ಹೊತ್ತಿಗೆ ನನ್ನ ಮೂಗು ಸೋರುತ್ತಿತ್ತು.

ಆ ವರ್ಷದ ಕಾನ್ ಚಿತ್ರೋತ್ಸವ ಶುರುವಾಗಿದ್ದೇ ಈ ಸಿನಿಮಾದಿಂದ. ಅಲ್ಲಿಯವರೆಗೆ ಯಾವ ಅನಿಮೇಷನ್ ಚಿತ್ರಕ್ಕೂ ಆ ಮರ್ಯಾದೆ ಸಿಕ್ಕಿರಲಿಲ್ಲ. ಸೂಟು ಬೂಟಿನ ಗಣ್ಯರೆಲ್ಲ ಸಾಲಾಗಿ 3ಡಿ ಕನ್ನಡಕ ಏರಿಸಿಕೊಂಡು ನೋಡಿದರು. ಪುಣ್ಯವಂತರು. ಕತ್ತಲೆ ಇತ್ತು, ಮುಖ ಮುಚ್ಚಲು ಅಷ್ಟಗಲದ ಕನ್ನಡಕ ಇತ್ತು. ಇಲ್ಲಿ ನನ್ನ ನೆತ್ತಿಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಚಿಕ್ಕವನು ಟಿವಿ ನೋಡುವುದು ಬಿಟ್ಟು ಪೂರ್ತಿ ನನ್ನ ಕಡೆ ತಿರುಗಿ, ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದ. ಅವನಿಗೆ ನಾನೇ ಹೆಚ್ಚು ಸ್ವಾರಸ್ಯವಾಗಿ ಕಂಡಿರಬೇಕು.

ಸರಿಯಾಗಿ ಆಗಲೇ ಅಕ್ಕನ ಫೋನು ಬಂತು. ಎತ್ತಿದ್ದು ಅವನು.

"ಅಮ್ಮಾ, ಚಿಕ್ಕಿ ಬಲೂನ್ ನೋಡಿ ಅಳ್ತಿದಾಳೆ."

ಅಕ್ಕ ಫೋನು ನನಗೆ ಕೊಡಿಸಿಕೊಂಡಳು. ದನಿ ತಗ್ಗಿಸಿ, "ಮನೇಲಿ ಎಲ್ಲಾ ಸರಿಯಾಗಿದೆ ತಾನೆ?" ಎಂದಳು. ಸಿನಿಮಾ ಎಂದೆ. "ಹೂಂ, ಆಯ್ತು, ಬಂದ್ಮೇಲೆ ಮಾತಾಡೋಣ" ಎಂದಳು. ನಂಬಲಿಲ್ಲ.

ಮನೆ ಗಾಳಿಗೆ ಏರುವಾಗ ಪರದೆ ಮೇಲೆ 20,622 ಬಲೂನುಗಳಿವೆ ಎಂದು ದೊಡ್ಡವಳು ಫೋನಿನಲ್ಲಿ ನೋಡಿ ಹೇಳಿದಳು. ಒಂದು ಮಾಮೂಲಿ ಹೀಲಿಯಂ ಬಲೂನು ಎತ್ತುವುದು ಸುಮಾರು 14 ಗ್ರಾಂ ಅಂತೆ. ನಿಜವಾದ ಮನೆಗೆ ಲಕ್ಷಗಟ್ಟಲೆ ಬೇಕಾಗುತ್ತದೆ. "ಹಾಗಾದ್ರೆ ಚಿಕ್ಕೀನ ಎತ್ತಕ್ಕೆ?" ಎಂದ ಚಿಕ್ಕವನು. ನನ್ನ ತೂಕ ಕೇಳಿದರು. 56 ಎಂದೆ. ಲೆಕ್ಕ ಹಾಕಿ 4,000 ಬಲೂನು ಎಂದಳು. ನಿಮಗೆ ಮಾತ್ರ ಹೇಳುತ್ತೇನೆ, ಅಷ್ಟು ಬಲೂನಿಗೆ ನನ್ನ ಹಿಮ್ಮಡಿಯೂ ಏಳುವುದಿಲ್ಲ.

ಭಾನುವಾರ ಬೆಳಗ್ಗೆ ರಾಜಿ ಪ್ರಯತ್ನ. ದೊಡ್ಡವಳಿಗೆ ವ್ಯಾಂಪೈರ್ ಬೇಕು, ಚಿಕ್ಕವನಿಗೆ ಕಾರ್ಟೂನ್ ಬೇಕು. ಎರಡೂ ಇರುವ 'ಹೋಟೆಲ್ ಟ್ರಾನ್ಸಿಲ್ವೇನಿಯಾ' ಹಾಕಿದೆ. ಡ್ರಾಕುಲಾ ಹೋಟೆಲು ನಡೆಸುತ್ತಾನೆ, ಮಗಳಿಗೆ 118 ತುಂಬುತ್ತದೆ. ಈ ವಯಸ್ಸಿನಲ್ಲಾದರೂ ಒಂದ್ಸಲ ಹೊರಗೆ ಕಳಿಸಪ್ಪಾ ಎಂದು ಅವಳು ಗೋಗರೆಯುತ್ತಾಳೆ. ನನ್ನನ್ನು ಕೇಳಿದರೆ ಆ ವಾರಾಂತ್ಯದಲ್ಲಿ ನಂಬುವಂತಿದ್ದ ವ್ಯಾಂಪೈರ್ ಅವನೊಬ್ಬನೇ. ಮಗಳ ಬಗ್ಗೆ ಹೆದರುವ ಅಪ್ಪ ಯಾವ ಲೋಕದಲ್ಲಾದರೂ ಹಾಗೇ ಇರುತ್ತಾನೆ ಅಲ್ವಾ? ದೊಡ್ಡವಳಿಗೆ ಮಾತ್ರ ಅವಮಾನವಾಯಿತು. "ಇದು ವ್ಯಾಂಪೈರ್ ಸಿನಿಮಾ ಅಲ್ಲ ಚಿಕ್ಕಿ, ತಮಾಷೆ."

ಹಾಗಾಗಿ ಮಧ್ಯಾಹ್ನ 'ಟ್ವೈಲೈಟ್'. ಅದು 2008ರದ್ದು, 'ಅಪ್'ಗಿಂತ ಹಳೆಯದು. ಆದರೆ ಅದು ಹಳೇ ಸಿನಿಮಾ ಅಲ್ಲವಂತೆ. ಈಗ ಕ್ಲಾಸಿನಲ್ಲಿ ಎಲ್ಲರೂ ನೋಡುತ್ತಿದ್ದಾರಂತೆ. ನಾನು ವಾದ ಮಾಡಲಿಲ್ಲ.

ಶುರುವಿನಲ್ಲೇ ಎಡವಿದೆ. "ಓ, ರಕ್ತಪಿಶಾಚಿ ಕತೆ" ಎಂದುಬಿಟ್ಟೆ. "ಪಿಶಾಚಿ ಅಲ್ಲ, ಎಡ್ವರ್ಡ್" ಎಂದು ತಿದ್ದಿದಳು. ಆಮೇಲೆ ಬಯಾಲಜಿ ಕ್ಲಾಸು. ಹೊಸ ಹುಡುಗಿ ಬೆಲ್ಲಾ ಫ್ಯಾನಿನ ಮುಂದೆ ಹಾದು ಬರುತ್ತಾಳೆ. ಎಡ್ವರ್ಡ್ ಮೂಗಿಗೆ ಕೈ ಒತ್ತಿ, ಈಗಲೋ ಆಗಲೋ ವಾಂತಿ ಮಾಡುವವನ ಹಾಗೆ ಮುಖ ಮಾಡುತ್ತಾನೆ. ಪ್ರೇಮ ಶುರುವಾಗುವುದು ಹೀಗೆ. ನಾನು ನಕ್ಕೆ. ದೊಡ್ಡವಳು ಸಿನಿಮಾ ನಿಲ್ಲಿಸಿ, ನಾನು ನಗುವುದು ಮುಗಿಯುವವರೆಗೂ ಕಾದು, ಮತ್ತೆ ಹಾಕಿದಳು. ಇದು ಎಷ್ಟು ಸಲ ನಡೆಯಿತೆಂದರೆ ಎರಡು ಗಂಟೆಯ ಸಿನಿಮಾ ಮೂರು ಗಂಟೆಯಾಯಿತು.

ನನ್ನ ತಪ್ಪಲ್ಲ. ಎಡ್ವರ್ಡ್ ಹುಟ್ಟಿದ್ದು 1901ರಲ್ಲಿ. 1918ರ ಸ್ಪ್ಯಾನಿಷ್ ಫ್ಲೂನಲ್ಲಿ ಸಾಯುವುದರಲ್ಲಿದ್ದವನನ್ನು ಡಾಕ್ಟರ್ ಕಾರ್ಲೈಲ್ ವ್ಯಾಂಪೈರ್ ಮಾಡುತ್ತಾನೆ. ಅಲ್ಲಿಂದ ಅವನಿಗೆ ಯಾವಾಗಲೂ 17. ಸಾವಿಲ್ಲ, ಮುಪ್ಪಿಲ್ಲ, ಕೈ ತುಂಬ ದುಡ್ಡಿದೆ, ನಿದ್ದೆ ಕೂಡ ಬೇಡ. ಇಷ್ಟೆಲ್ಲ ಇದ್ದೂ ಆ ಪುಣ್ಯಾತ್ಮ ಏನು ಮಾಡುತ್ತಿದ್ದಾನೆ? ಹೈಸ್ಕೂಲಿಗೆ ಹೋಗುತ್ತಿದ್ದಾನೆ! ಮತ್ತೆ ಮತ್ತೆ! ಪಾಸಾದಾಗಲೆಲ್ಲ ಕೊಟ್ಟ ಟೋಪಿಗಳನ್ನು ಚೌಕಟ್ಟು ಹಾಕಿಸಿ ಮನೆ ಗೋಡೆ ತುಂಬ ನೇತುಹಾಕಿದ್ದಾರೆ. ನನಗೆ ಒಂದು ಸಲದ ಹೈಸ್ಕೂಲೇ ಈ ಜನ್ಮಕ್ಕೆ ಸಾಕಾಗಿದೆ. ನಡುರಾತ್ರಿ ಗಣಿತದ ಪರೀಕ್ಷೆಯ ಕನಸು ಬಿದ್ದು ಈಗಲೂ ಎದ್ದು ಕೂರುತ್ತೇನೆ.

ಅವನು ಕಾಡಿನ ಬಿಸಿಲಿಗೆ ನಿಂತು ಮಿಣಮಿಣ ಹೊಳೆದಾಗ ನನಗೆ ತಡೆಯಲಾಗಲಿಲ್ಲ. "ಬಿಸಿಲು ಬಿದ್ರೆ ವ್ಯಾಂಪೈರ್ ಸುಟ್ಟು ಬೂದಿ ಆಗ್ಬೇಕು. ನಮ್ಮ ಕಾಲದ ಡ್ರಾಕುಲಾ ನೋಡು" ಎಂದು ಪಾಠ ಶುರು ಮಾಡಿದೆ. ದೊಡ್ಡವಳು ಫೋನು ತೆಗೆದಳು. ಈ ಹುಡುಗಿಯ ಕೈಗೆ ಫೋನು ಬಂದರೆ ನನಗೆ ಎದೆ ಢವಗುಟ್ಟುತ್ತದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಹಗಲಲ್ಲೇ ಓಡಾಡುತ್ತಾನೆ, ಶಕ್ತಿ ಕಡಿಮೆ ಇರುತ್ತದೆ ಅಷ್ಟೇ. ಬಿಸಿಲಿಗೆ ಸಾಯುವುದು 1922ರಲ್ಲಿ ಬಂದ ಮೂಕಿ ಚಿತ್ರ 'ನೊಸ್ಫೆರಾಟು'ದಿಂದ. "ಅಂದ್ರೆ ಅದೂ ಸಿನಿಮಾದವರು ಮಾಡಿದ್ದೇ ಚಿಕ್ಕಿ." ನಾನು ಸುಮ್ನೆ ದಿಂಬು ಸರಿ ಮಾಡಿಕೊಂಡೆ.

ಒಂದು ವಿಷಯಕ್ಕೆ ಮಾತ್ರ ನಗು ಬರಲಿಲ್ಲ. ಎಡ್ವರ್ಡ್ ರಾತ್ರಿ ಹೊತ್ತು ಕಿಟಕಿಯಿಂದ ಒಳಗೆ ಬಂದು, ಬೆಲ್ಲಾ ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ. "ಎಷ್ಟು ಸ್ವೀಟ್!" ಎಂದಳು ದೊಡ್ಡವಳು. ನಾನು ಎದ್ದು ಹೋಗಿ ಅವಳ ಕೋಣೆಯ ಕಿಟಕಿಯ ಚಿಲಕ ನೋಡಿ ಬಂದೆ.

ವಾಪಸ್ ಬರುವಾಗ ಒಂದು ಯೋಚನೆ ಹತ್ತಿತು. ಪುಟ್ಟ ಮಕ್ಕಳಿಗೆಂದು ಮಾಡಿದ ಸಿನಿಮಾದಲ್ಲಿ ಕಾಲು ಗಂಟೆ ಆಗುವುದರೊಳಗೆ ಮುಪ್ಪು, ಆಸ್ಪತ್ರೆ, ಸಾವು ಎಲ್ಲ ಆಗಿಹೋಗಿತ್ತು. 'ಟಾಯ್ ಸ್ಟೋರಿ 3'ರಲ್ಲಂತೂ ಆಟದ ಸಾಮಾನುಗಳೆಲ್ಲ ಬೆಂಕಿಯ ಬಾಯಿಗೆ ಜಾರುತ್ತಾ ಕೈ ಕೈ ಹಿಡಿದುಕೊಳ್ಳುತ್ತವೆ. ಅದನ್ನೂ ಚಿಕ್ಕವನು ನಗುನಗುತ್ತಾ ನೋಡಿದ್ದಾನಂತೆ. ಪಿಶಾಚಿಗಳ ಸಿನಿಮಾದಲ್ಲಿ ಮುಖ್ಯವಾದವರು ಯಾರೂ ಸಾಯುವ ಲಕ್ಷಣವೇ ಇಲ್ಲ, ಎಲ್ಲರ ಕೂದಲೂ ಚೆನ್ನಾಗಿದೆ. ಅದಕ್ಕೆ 15ರ ಹುಡುಗಿ ಬಿಕ್ಕುತ್ತಾಳೆ. ಇದನ್ನು ದೊಡ್ಡವಳಿಗೆ ಹೇಳಿದೆ. "ಶ್!" ಎಂದಳು.

ಸಂಜೆಗೆ ಎರಡನೇ ಭಾಗ, 'ನ್ಯೂ ಮೂನ್'. ಎಡ್ವರ್ಡ್ ಬಿಟ್ಟು ಹೋಗುತ್ತಾನೆ. ಬೆಲ್ಲಾ ಕಿಟಕಿ ಮುಂದೆ ಕುರ್ಚಿಯಲ್ಲಿ ಕೂರುತ್ತಾಳೆ. ಕ್ಯಾಮೆರಾ ಅವಳ ಸುತ್ತ ತಿರುಗುತ್ತದೆ. ಅಕ್ಟೋಬರ್ ಎಂದು ಅಕ್ಷರ ಮೂಡಿತು. ನನ್ನ ಕಣ್ಣು ಎಳೆಯಿತು. ಎಚ್ಚರವಾದಾಗ ಡಿಸೆಂಬರ್. ಅವಳು ಅದೇ ಕುರ್ಚಿಯಲ್ಲೇ ಇದ್ದಳು. ಸಿನಿಮಾ ನೋಡುತ್ತಾ ನಿದ್ದೆ ಹೋಗಿ ಏನನ್ನೂ ಕಳೆದುಕೊಳ್ಳದ ಸುಖ ನನಗೆ ಮೊದಲ ಸಲ ಸಿಕ್ಕಿತು.

ನಿದ್ದೆಗಣ್ಣಲ್ಲೇ ಮುಂದಿನದು ನೋಡಿದೆ. ಬೆಲ್ಲಾ ಬೈಕಿನಿಂದ ಬೀಳುತ್ತಾಳೆ, ಹಣೆಯಲ್ಲಿ ರಕ್ತ. ಅವಳ ಸ್ನೇಹಿತ ಜೇಕಬ್ ಓಡಿ ಬರುತ್ತಾನೆ. ಒರೆಸಲು ಬಟ್ಟೆ ಬೇಕಲ್ಲ, ತೊಟ್ಟ ಟೀಶರ್ಟನ್ನೇ ಬಿಚ್ಚುತ್ತಾನೆ. "ನೋಡ್ಕೊಂಡು ಹಾಕು" ಎಂದ ಅಕ್ಕ ನೆನಪಾದಳು. ಚಿಕ್ಕವನು ಪಕ್ಕದಲ್ಲೇ ಬಲೂನು ಊದುತ್ತಾ ಕೂತಿದ್ದಾನೆ. ಮುಂದೆ ಓಡಿಸೋಣ ಎಂದು ರಿಮೋಟ್ ಕಿತ್ತುಕೊಂಡು ಒತ್ತಿದೆ. ಕನ್ನಡಕ ಹಾಕಿರಲಿಲ್ಲ. ಚಿತ್ರ ಅಲ್ಲೇ ನಿಂತಿತು. ಇನ್ನೊಮ್ಮೆ ಜೋರಾಗಿ ಒತ್ತಿದೆ. ರಿಮೋಟಿನ ಬೆನ್ನು ಕಳಚಿ, ಎರಡು ಸೆಲ್ಲೂ ಉರುಳಿ ಸೋಫಾ ಕೆಳಗೆ ಹೋದವು.

ನಾನು ನೆಲಕ್ಕೆ ಮಲಗಿ ಸೋಫಾ ಕೆಳಗೆ ಕೈ ಹಾಕಿದ್ದೆ. ಕಾಲಿಂಗ್ ಬೆಲ್ ಆಯಿತು. ಚಿಕ್ಕವನು ಓಡಿ ಹೋಗಿ ಬಾಗಿಲು ತೆಗೆದ.

ಅಕ್ಕನ ಚಪ್ಪಲಿ ಮಾತ್ರ ನನಗೆ ಕಾಣುತ್ತಿತ್ತು. ಅದು ಟಿವಿ ಕಡೆ ತಿರುಗಿ ಹಾಗೇ ನಿಂತಿತು. ಆಮೇಲೆ ನನ್ನ ಕಡೆ ತಿರುಗಿತು.

"ಏನೇ ಇದು?"

"ಸೆಲ್ಲು..." ಎಂದೆ ಸೋಫಾ ಕೆಳಗಿನಿಂದ.

"ಚಿಕ್ಕೀನೇ ನಿಲ್ಲಿಸಿದ್ದು" ಎಂದಳು ದೊಡ್ಡವಳು, ಕಣ್ಣೊರೆಸಿಕೊಳ್ಳುತ್ತಾ.

ಚಿಕ್ಕವನು ನನ್ನ ಪರ ನಿಂತ. "ಅಮ್ಮಾ, ಇವತ್ತು ಚಿಕ್ಕಿ ಅಳಲೇ ಇಲ್ಲ!"