ಎಂಟು ಲಕ್ಷ ಬಹ್ತ್ ಇಟ್ಟುಕೊಂಡೂ ಸಾಲಿನಲ್ಲಿ ಕೈಕಟ್ಟಿ ನಿಲ್ಲಬೇಕು

"50 ದಾಟಿದೆಯಾ? ಟೂರಿಸ್ಟ್ ವೀಸಾದಲ್ಲಿ ಥಾಯ್ಲೆಂಡಿಗೆ ಹೋಗಿ, ಅಲ್ಲೇ ರಿಟೈರ್‌ಮೆಂಟ್ ವೀಸಾಗೆ ಬದಲಾಯಿಸಿಕೊಳ್ಳಿ, ಸುಲಭ" ಅಂತ ಹತ್ತು ನಿಮಿಷದ ವಿಡಿಯೊದಲ್ಲಿ ಹೇಳಿ ಕೈ ತೊಳ್ಕೊಳ್ತಾರಲ್ಲ, ಅವರನ್ನೆಲ್ಲ ಸಾಲಾಗಿ ತಂದು ವಲಸೆ ಕಚೇರಿಯ ಟೋಕನ್ ಮೆಷಿನ್ ಮುಂದೆ ನಿಲ್ಲಿಸಬೇಕು. ಬೆಳಗ್ಗೆ ಕಚೇರಿ ತೆರೆಯೋಕೆ ಮುಂಚೆ.

ನಿಯಮ ಸುಲಭವಾಗಿದೆ ಅನ್ನೋದು ನಿಜ. ವಯಸ್ಸು 50 ತುಂಬಿರಬೇಕು. ಥಾಯ್ ಬ್ಯಾಂಕಿನಲ್ಲಿ ನಿಮ್ಮೊಬ್ಬರದೇ ಹೆಸರಿನ ಖಾತೆಯಲ್ಲಿ 8,00,000 ಬಹ್ತ್ (ಥಾಯ್ ಹಣ) ಇರಬೇಕು. ಆ ಹಣ ಹೊರದೇಶದಿಂದ ಬಂದಿದ್ದಕ್ಕೆ ದಾಖಲೆ ಬೇಕು. ಟೂರಿಸ್ಟ್ ವೀಸಾದಲ್ಲಿ ಬಂದಿದ್ದರೆ ಟಿಎಂ 86 ಅನ್ನೋ ವಲಸೆ ಕಚೇರಿಯ ಫಾರಂ, ವೀಸಾ ಇಲ್ಲದೆ ವಿನಾಯಿತಿಯಲ್ಲಿ ಬಂದಿದ್ದರೆ ಟಿಎಂ 87 ತುಂಬಬೇಕು, ಶುಲ್ಕ 2,000 ಬಹ್ತ್. ಅರ್ಜಿ ಹಾಕುವ ದಿನ ಪಾಸ್‌ಪೋರ್ಟಿನ ಪ್ರವೇಶ ಮುದ್ರೆ ಕೊಟ್ಟ ಅವಧಿಯಲ್ಲಿ ಕನಿಷ್ಠ 15 ದಿನ ಉಳಿದಿರಬೇಕು. ಒಪ್ಪಿದರೆ ನಾನ್-ಇಮಿಗ್ರಂಟ್ ಓ (ಚಿಕ್ಕದಾಗಿ ನಾನ್-ಓ) ವೀಸಾ, 90 ದಿನ. ಆಮೇಲೆ ಅದನ್ನೇ ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬೇಕು, ಅದಕ್ಕೆ ಟಿಎಂ 7, ಇನ್ನೊಂದು 1,900 ಬಹ್ತ್. ಅಷ್ಟೇ. ಕಾಗದದ ಮೇಲೆ ಅಷ್ಟೇ!

ಸಿಟ್ಟು ಬರೋದು ಹಣ ಕೇಳಿದ್ದಕ್ಕಲ್ಲ. ಅವರ ದೇಶ, ಅವರ ಲೆಕ್ಕ, ಕೇಳಲಿ. ಆ ಹಣ ಇಡೋಕೆ ಒಂದು ಖಾತೆ ಬೇಕಲ್ಲ, ಅಲ್ಲಿ ಶುರುವಾಗುತ್ತೆ ಗೋಳು. ಬ್ಯಾಂಕಿಗೆ ಹೋದರೆ "ಟೂರಿಸ್ಟಾ? ಖಾತೆ ಆಗಲ್ಲ, ನಾನ್-ಓ ವೀಸಾ ತನ್ನಿ." ವಲಸೆ ಕಚೇರಿಗೆ ಹೋದರೆ "ವೀಸಾ ಬೇಕಾ? ಬ್ಯಾಂಕ್ ಪಾಸ್‌ಬುಕ್ ತನ್ನಿ." ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಬೇನಾಮಿ ಖಾತೆಗಳಲ್ಲಿ ಸೈಬರ್ ವಂಚನೆಯ ಹಣ ಓಡಾಡ್ತಿದೆ ಅಂತ ಬ್ಯಾಂಕುಗಳು ಬಿಗಿ ಮಾಡಿವೆ, ಸರಿ. ಆದರೆ ಒಂದೇ ಬ್ಯಾಂಕಿನ ಒಂದು ಶಾಖೆ ಇಲ್ಲ ಅಂದಿದ್ದನ್ನು ಎರಡು ಕಿಲೋಮೀಟರ್ ಆಚೆಗಿನ ಶಾಖೆ ನಗುನಗುತ್ತಾ ಮಾಡಿಕೊಡುತ್ತೆ ಅಂದರೆ ಅದನ್ನು ನಿಯಮ ಅಂತ ಯಾವ ಬಾಯಲ್ಲಿ ಕರೀಬೇಕು? ಒಂದು ಕಡೆ ಬಾಗಿಲು ಮುಚ್ಚಿದರೆ ವಾದಕ್ಕೆ ನಿಲ್ಲಬೇಡಿ, ಅವತ್ತೇ ಇನ್ನೊಂದು ಶಾಖೆಗೆ ನಡೀರಿ. ಹೊರದೇಶದವರು ಹೆಚ್ಚಿರುವ ಪ್ರದೇಶದ ದೊಡ್ಡ ಶಾಖೆಗೆ ಇದು ದಿನದ ಕೆಲಸ.

ಶಾಖೆಯವರು ಮೆತ್ತಗಾದರೂ ವಾಸದ ಪ್ರಮಾಣಪತ್ರ ಕೇಳ್ತಾರೆ. ಅದನ್ನು ಕೊಡೋದು ಮತ್ತೆ ಅದೇ ವಲಸೆ ಕಚೇರಿ. ಅದಕ್ಕೆ ಟಿಎಂ 30 ರಸೀದಿ ಬೇಕು, ಅಂದರೆ ಹೊರದೇಶದವರು ಬಂದು ಇಳಿದಿದ್ದಾರೆ ಅಂತ ಮನೆ ಮಾಲೀಕ 24 ಗಂಟೆಯೊಳಗೆ ಕೊಡಬೇಕಾದ ಮಾಹಿತಿ. ಕಾನೂನಿನಲ್ಲಿ ಹೊಣೆ ಮಾಲೀಕನದು. ಮಾಲೀಕ ಕೊಟ್ಟಿಲ್ಲದಿದ್ದರೆ ಕೌಂಟರಿನಿಂದ ವಾಪಸ್ ಬರೋದು ಬಾಡಿಗೆದಾರ, ಎಷ್ಟೋ ಕಡೆ ದಂಡ ಕಟ್ಟೋದೂ ಅವನೇ. ಹಾಗಾಗಿ ಮನೆ ನೋಡುವಾಗ ಬಾಲ್ಕನಿಯಿಂದ ಸಮುದ್ರ ಕಾಣುತ್ತಾ ಅಂತ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು: ಟಿಎಂ 30 ಮಾಡಿಕೊಡ್ತೀರಾ, ಗುರುತಿನ ಚೀಟಿಯ ಪ್ರತಿ ಮತ್ತು ಮನೆ ನೋಂದಣಿ ಪುಸ್ತಕ, ಅದೇ ನೀಲಿ ರಟ್ಟಿನ ತಾಬಿಯನ್ ಬಾನ್, ಅದರ ಪ್ರತಿಗೆ ಸಹಿ ಹಾಕಿ ಕೊಡ್ತೀರಾ? ಮುಖ ಸಿಂಡರಿಸಿದರೆ ಆ ಮನೆ ಬೇಡ.

ಇಷ್ಟೆಲ್ಲ ಆಗೋವಾಗ ಮುದ್ರೆಯ ಗಡಿಯಾರ ಓಡ್ತಾನೇ ಇರುತ್ತೆ. ಲೆಕ್ಕ ಹಾಕಿ. ಟೂರಿಸ್ಟ್ ವೀಸಾದಲ್ಲಿ ಬಂದಿದ್ದರೆ ಕೈಯಲ್ಲಿ 60 ದಿನ. ಅದರಲ್ಲಿ ಕೊನೆಯ 15 ದಿನ ನಿಮ್ಮದಲ್ಲ, ಯಾಕಂದ್ರೆ ಅರ್ಜಿ ಮೇಲಿನ ಕಚೇರಿಗೆ ಹೋಗಿ ಬರೋಕೆ ಅಷ್ಟು ಬೇಕು ಅಂತ ನಿಯಮ. ಕೆಲವು ಕಚೇರಿಗಳಲ್ಲಿ 21 ದಿನ ಉಳಿದಿರಬೇಕು ಅಂತಾರೆ. ಎಲ್ಲಿ ಬರೆದಿದೆ ಅಂತ ಕೇಳಿದರೆ ಗೋಡೆ ಕಡೆ ಕೈ ತೋರಿಸ್ತಾರೆ. ಅಲ್ಲಿಗೆ ಮನೆ, ಟಿಎಂ 30, ವಾಸದ ಪತ್ರ, ಖಾತೆ, ಹಣ, ಆ ಹಣ ಇದೆ ಅಂತ ಹೇಳುವ ಬ್ಯಾಂಕ್ ಪತ್ರ ಎಲ್ಲಕ್ಕೂ ಸೇರಿ ಉಳಿಯೋದು ಹೆಚ್ಚುಕಮ್ಮಿ ಆರು ವಾರ. ಸಮಯ ಸಾಲದು ಅನ್ನಿಸಿದರೆ ಮೊದಲು ಪ್ರವಾಸದ ಅವಧಿಯನ್ನೇ 1,900 ಬಹ್ತ್ ಕೊಟ್ಟು ವಿಸ್ತರಿಸಿಕೊಳ್ಳಿ, ಅದು ವ್ಯರ್ಥ ಖರ್ಚಲ್ಲ. ಆನ್-ಅರೈವಲ್ ವೀಸಾದ 15 ದಿನ ಹಿಡ್ಕೊಂಡು ಬಂದವರಿಗಂತೂ ಈ ದಾರಿಯೇ ಇಲ್ಲ, ಇಳಿದ ಮರುದಿನಕ್ಕೇ ಲೆಕ್ಕ ತಪ್ಪಿರುತ್ತೆ.

ಇನ್ನು ನಮ್ಮ ಕಡೆಯ ಕಾಟ. 8 ಲಕ್ಷ ಬಹ್ತ್ ಅಂದರೆ 20 ಲಕ್ಷ ರೂಪಾಯಿ ದಾಟುತ್ತೆ. ಹೊರದೇಶಕ್ಕೆ ಹಣ ಕಳಿಸೋ ಯೋಜನೆಯಾದ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅಡಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ಮಿತಿಯ ತೊಂದರೆ ಇಲ್ಲ. ಆದರೆ ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ 20% ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡೋ ತೆರಿಗೆ, ಅಲ್ಲೇ ಕತ್ತರಿಸ್ತಾರೆ. (2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 7 ಲಕ್ಷ ಇತ್ತು, ಅದನ್ನೇ ದೊಡ್ಡ ಉಪಕಾರ ಅಂತ ಹೇಳ್ಕೊಂಡರು.) ಅಂದರೆ ಎರಡು ಲಕ್ಷ ರೂಪಾಯಿಗೂ ಮೇಲೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಬರೋವರೆಗೆ ಸಿಕ್ಕಿಹಾಕಿಕೊಳ್ಳುತ್ತೆ. ತೆರಿಗೆಯೇ ಬೀಳದ ಪಿಂಚಣಿದಾರನ ಹಣಕ್ಕೂ ಇದೇ ಗತಿ. ಮಾರ್ಚ್ ಕೊನೆಯೊಳಗೆ ಅರ್ಧ, ಏಪ್ರಿಲ್ 1 ಕಳೆದ ಮೇಲೆ ಉಳಿದರ್ಧ ಕಳಿಸುವ ಹಾಗೆ ಪ್ರಯಾಣ ಹೊಂದಿಸಿಕೊಂಡರೆ ಈ ಕತ್ತರಿಯಿಂದ ಹೆಚ್ಚುಕಮ್ಮಿ ಪಾರಾಗಬಹುದು. ಆದರೆ ಅರ್ಜಿ ಹಾಕುವ ದಿನ ಪೂರ್ತಿ ಮೊತ್ತ ಖಾತೆಯಲ್ಲಿ ಇರಲೇಬೇಕು.

ಕಳಿಸುವಾಗ ಸರಿಯಾಗಿ ಎಂಟು ಲಕ್ಷಕ್ಕೆ ಲೆಕ್ಕ ಹಾಕೋ ಜಾಣತನ ಬೇಡ. ನಡುವಿನ ಬ್ಯಾಂಕ್ ತನ್ನ ಪಾಲು ಕಡಿದು 7,98,000 ಚಿಲ್ಲರೆ ಬಂದು ಕೂತರೆ, ಆ ಕಮ್ಮಿಯಾದ ಎರಡು ಸಾವಿರಕ್ಕೆ ಇನ್ನೊಮ್ಮೆ ಹೊರದೇಶಕ್ಕೆ ಹಣ ಕಳಿಸೋ ಎ2 ಫಾರಂ, ಇನ್ನೊಮ್ಮೆ ಶುಲ್ಕ, ಇನ್ನೊಂದಿಷ್ಟು ದಿನ. 8,20,000 ಬರುವಂತೆ, ಡಾಲರಿನಲ್ಲೇ ಕಳಿಸಿ, ಅಲ್ಲಿನ ಬ್ಯಾಂಕೇ ಬಹ್ತ್ ಮಾಡಿಕೊಳ್ಳಲಿ. ಆಗ ಪಾಸ್‌ಬುಕ್ಕಿನಲ್ಲಿ ಹೊರದೇಶದಿಂದ ಬಂದದ್ದು ಅಂತ ನಮೂದಾಗುತ್ತೆ, ಕ್ರೆಡಿಟ್ ಅಡ್ವೈಸ್ (ಹಣ ಜಮೆಯಾದ ದಾಖಲೆ) ಕೂಡ ಕೇಳಿ ಪಡೀಬಹುದು. ಯಾವುದೋ ಆ್ಯಪ್ ಮೂಲಕ ಬಂದು ಒಳನಾಡಿನ ವರ್ಗಾವಣೆ ಅಂತ ಕಾಣಿಸಿದರೆ ಕೆಲಸ ಕೆಟ್ಟಿತು. ಮತ್ತೆ, ಊರಿನ ಸಿಮ್‌ಗೆ ರೋಮಿಂಗ್ ಹಾಕಿಸದೆ ಬಂದವರಿಗೆ ಓಟಿಪಿ ಬರಲ್ಲ. ಇಪ್ಪತ್ತು ಲಕ್ಷ ನಿಮ್ಮದೇ, ಮುಟ್ಟೋಕಾಗಲ್ಲ.

ಹೆಸರಿನ ರಗಳೆ ನಮ್ಮವರಿಗೆ ವಿಶೇಷ. ಕರ್ನಾಟಕದಲ್ಲಿ ಊರು, ತಂದೆ, ಎಲ್ಲ ಇನಿಷಿಯಲ್ಲಿಗೆ ಹೋಗುತ್ತೆ. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುತ್ತೆ, ಊರಿನ ಬ್ಯಾಂಕಿನಲ್ಲಿ ಬರೀ ಎರಡಕ್ಷರ, ಸರ್‌ನೇಮ್ ಜಾಗ ಖಾಲಿ. ಥಾಯ್ ಬ್ಯಾಂಕಿನ ಕಂಪ್ಯೂಟರಿಗೆ ಖಾಲಿ ಸರ್‌ನೇಮ್ ಅಂದರೆ ಅರ್ಥವೇ ಆಗಲ್ಲ, ಒಬ್ಬ ಗುಮಾಸ್ತ ಅಲ್ಲಿ ಗೆರೆ ಎಳೀತಾನೆ, ಇನ್ನೊಬ್ಬ ಹೆಸರನ್ನೇ ಎರಡು ತುಂಡು ಮಾಡ್ತಾನೆ. ಆಮೇಲೆ ವಲಸೆ ಕಚೇರಿಯಲ್ಲಿ ಬ್ಯಾಂಕ್ ಪತ್ರದ ಹೆಸರು ಪಾಸ್‌ಪೋರ್ಟಿಗೆ ಅಕ್ಷರಕ್ಕಕ್ಷರ ತಾಳೆಯಾಗಲಿಲ್ಲ ಅಂತ ಫೈಲ್ ವಾಪಸ್. ಪಾಸ್‌ಬುಕ್ ಕೈಗೆ ಬಂದ ಕೂಡಲೇ, ಕೌಂಟರ್ ಬಿಟ್ಟು ಏಳೋಕೆ ಮುಂಚೆ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಓದಿ.

ಹೆಂಡತಿಯೂ ಅವಲಂಬಿತೆಯಾಗಿ ಬರಬೇಕಾದರೆ ಮದುವೆ ಪ್ರಮಾಣಪತ್ರ ಬೇಕು, ಅದಕ್ಕೆ ದೃಢೀಕರಣ, ಥಾಯ್ ಅನುವಾದ, ಅಲ್ಲಿನ ವಿದೇಶಾಂಗ ಸಚಿವಾಲಯದ ಮುದ್ರೆ. ನಮ್ಮಲ್ಲಿ ಎಷ್ಟು ಜನರ ಮದುವೆ ರಿಜಿಸ್ಟರ್ ಆಗಿದೆ? ಲಗ್ನಪತ್ರಿಕೆ, ಛತ್ರದ ರಸೀದಿ, ಆಲ್ಬಮ್ ಇಟ್ಟುಕೊಂಡು ಹೋದರೆ ಅಲ್ಲಿ ಯಾರಿಗೂ ಕರುಣೆ ಬರಲ್ಲ. ಊರಿನಲ್ಲಿದ್ದಾಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಗಿಸಿಕೊಂಡು ಹೊರಡಿ.

ಇಷ್ಟು ಕಷ್ಟ ಯಾಕೆ, ಊರಿನಿಂದಲೇ ಓ-ಎ ವೀಸಾ, ಅಂದರೆ ಹೊರಡೋಕೆ ಮುಂಚೆಯೇ ಪಡೆಯುವ ರಿಟೈರ್‌ಮೆಂಟ್ ವೀಸಾ, ಮಾಡಿಸಿಕೊಂಡು ಹೋಗಬಾರದಾ ಅಂತೀರಾ? ಹೋಗಬಹುದು. ಪೊಲೀಸ್ ಪ್ರಮಾಣಪತ್ರ, ವೈದ್ಯರ ಪತ್ರ, ಮೇಲೆ 30 ಲಕ್ಷ ಬಹ್ತ್ ಮೊತ್ತದ ಆರೋಗ್ಯ ವಿಮೆ. ಎಪ್ಪತ್ತರ ಆಚೆ ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಆ ವಿಮೆ ಯಾರು ಕೊಡ್ತಾರೆ? ಅಲ್ಲೇ ಬದಲಾಯಿಸಿಕೊಳ್ಳುವ ಓ ವೀಸಾಗೆ ವಿಮೆ ಕೇಳಲ್ಲ, ಅದಕ್ಕೇ ಜನ ಈ ಮುಳ್ಳುದಾರಿ ಹಿಡಿಯೋದು.

ಏಜೆಂಟರ ವಿಷಯ ಎತ್ತಿದರೆ ಮೈ ಉರಿಯುತ್ತೆ. ಖಾತೆ ತೆರೆಸಿಕೊಟ್ಟು, ಸಾಲಿನಲ್ಲಿ ನಿಂತು, ಅದಕ್ಕೆ ದುಡ್ಡು ತಗೊಳ್ಳೋರ ಮೇಲೆ ತಕರಾರಿಲ್ಲ. ಆದರೆ "ಎಂಟು ಲಕ್ಷ ನಾವೇ ಎರಡು ದಿನ ಹಾಕಿ ತೆಗೀತೀವಿ, ಪಾಸ್‌ಪೋರ್ಟ್ ಇಲ್ಲಿ ಕೊಡಿ" ಅನ್ನೋರನ್ನು ನಂಬಬೇಡಿ. ಒಂದು ವರ್ಷದ ವಿಸ್ತರಣೆಗೆ ಅರ್ಜಿಗೆ ಮುಂಚೆ ಎರಡು ತಿಂಗಳು 8 ಲಕ್ಷ ಅಲುಗಾಡಬಾರದು, ಮಂಜೂರಾದ ಮೇಲೆ ಮೂರು ತಿಂಗಳು ಹಾಗೇ ಇರಬೇಕು, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳೀಬಾರದು. ಮುಂದಿನ ವರ್ಷ ಪಾಸ್‌ಬುಕ್ ತಿರುವಿ ಹಾಕೋವಾಗ ಸಿಕ್ಕಿಬೀಳೋದು ಏಜೆಂಟ್ ಅಲ್ಲ, ಪಾಸ್‌ಪೋರ್ಟಿನಲ್ಲಿ ಯಾರ ಫೋಟೊ ಇದೆಯೋ ಅವರು.

ಅರ್ಜಿಯ ದಿನದ ಕಾಗದದ ಕಾಟ ಬೇರೆ. ಬ್ಯಾಂಕ್ ಪತ್ರ ಅವತ್ತಿನದೋ ಹಿಂದಿನ ದಿನದ್ದೋ ಆಗಿರಬೇಕು. ಪಾಸ್‌ಬುಕ್ ಅವತ್ತು ಬೆಳಗ್ಗೆಯೇ ಅಪ್‌ಡೇಟ್ ಆಗಿರಬೇಕು, ಅದಕ್ಕೆ ಎಟಿಎಂನಿಂದ ನೂರು ಬಹ್ತ್ ತೆಗೆದು ಹಾಕಿ ಒಂದು ಹೊಸ ಸಾಲು ಮೂಡಿಸೋದು ಎಲ್ಲರೂ ಮಾಡೋ ಉಪಾಯ. 4×6 ಸೆಂಟಿಮೀಟರ್ ಫೋಟೊ, ನಮ್ಮ ಪಾಸ್‌ಪೋರ್ಟ್ ಅಳತೆಯದು ನಡೆಯಲ್ಲ. ಪ್ರತಿ ಪುಟದ ಜೆರಾಕ್ಸಿಗೂ ನೀಲಿ ಶಾಯಿಯ ಸಹಿ. 2025ರ ಮೇ ತಿಂಗಳಿಂದ ಕಡ್ಡಾಯವಾದ ಡಿಜಿಟಲ್ ಆಗಮನ ಪತ್ರದ ಪ್ರಿಂಟ್. ಮನೆಗೆ ಬರುವ ದಾರಿಯ ನಕ್ಷೆ ಕೈಯಲ್ಲಿ ಬರೆದದ್ದು! ಕೆಲವು ಕಡೆ ಮನೆ ನಂಬರಿನ ಮುಂದೆ ನಿಂತ ಫೋಟೊ ಕೂಡ. ಒಂದು ಕಚೇರಿ ಬೇಡ ಅಂದಿದ್ದನ್ನು ಪಕ್ಕದ ಜಿಲ್ಲೆಯ ಕಚೇರಿ ಬೇಕೇಬೇಕು ಅನ್ನುತ್ತೆ. ಕಚೇರಿ ಪಕ್ಕದ ಜೆರಾಕ್ಸ್ ಅಂಗಡಿಯವನಿಗೆ ಈ ಪಟ್ಟಿ ಕೌಂಟರಿನವರಿಗಿಂತ ಚೆನ್ನಾಗಿ ಗೊತ್ತಿರುತ್ತೆ. ವ್ಯಂಗ್ಯ ಅಲ್ಲ, ಮೊದಲು ಅವನನ್ನೇ ಕೇಳಿ.

90 ದಿನ ಸಿಕ್ಕಿತು ಅಂತ ಊರಿಗೆ ಫೋನ್ ಹಚ್ಚಿ ಹಬ್ಬಕ್ಕೆ ಬರ್ತೀವಿ ಅನ್ನೋಕೆ ಮುಂಚೆ ಮರುಪ್ರವೇಶದ ಅನುಮತಿ ಮಾಡಿಸಿ. ಟಿಎಂ 8, ಒಂದು ಸಲಕ್ಕೆ 1,000 ಬಹ್ತ್, ಎಷ್ಟು ಸಲವಾದರೂ ಹೋಗಿಬರೋದಕ್ಕೆ 3,800. ಅದಿಲ್ಲದೆ ವಿಮಾನ ಹತ್ತಿದರೆ ಇಷ್ಟು ಕಷ್ಟಪಟ್ಟು ಮಾಡಿಸಿದ ವೀಸಾ ಗಡಿ ದಾಟಿದ ಕ್ಷಣಕ್ಕೆ ರದ್ದು. ವಾಪಸ್ ಬಂದಾಗ ನೀವು ಮತ್ತೆ ಟೂರಿಸ್ಟೇ. ಆ ಮಾತನ್ನು ವೀಸಾ ಕೊಡುವಾಗ ಯಾರೂ ಬಾಯಿಬಿಟ್ಟು ಹೇಳಲ್ಲ, ಮುದ್ರೆ ಹಾಕಿದ ಪುಟದಲ್ಲಿ ಸಣ್ಣಕ್ಷರದಲ್ಲಿ ಇದ್ದರೆ ಇತ್ತು.