ಸುತ್ತಿಗೆ ಹಿಡಿಸದ ಲೂಪ್

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದಾದರೂ ಇಳಿಯುತ್ತದೆಯೋ ನೋಡುತ್ತೇನೆ.

ನನ್ನ ತಮ್ಮ ವೆಲ್ಡರ್ ಎಂಬುದು ನಿಮ್ಮಲ್ಲಿ ಬಹುತೇಕರಿಗೆ ಗೊತ್ತು. ಅಪ್ಪನೂ ಅದೇ ಕೆಲಸ ಮಾಡಿ ನಮ್ಮಿಬ್ಬರನ್ನು ಸಾಕಿದವರು. ತಮ್ಮನಿಗೆ ಒಂದು ಒಳ್ಳೆಯ ಕೆಲಸದ ಪ್ಯಾಂಟ್ ಕೊಡಿಸಬೇಕೆಂದು ವಾರಗಟ್ಟಲೆ ಹುಡುಕಿ ಆನ್‌ಲೈನ್‌ನಲ್ಲಿ ತರಿಸಿದ್ದೆ. ಕಾರ್ಮಿಕರ ಬಟ್ಟೆ ಹೊಲಿದೇ ಹೆಸರು ಮಾಡಿದ ಕಂಪನಿ. ಕಂದು ಬಣ್ಣ, ಮಂಡಿಗೆ ಎರಡು ಪದರ, ಮೂರು ಸಾಲು ಹೊಲಿಗೆ, ತೊಡೆಯ ಪಕ್ಕದಲ್ಲಿ ಸುತ್ತಿಗೆ ಸಿಕ್ಕಿಸುವ ಲೂಪ್. ಫೋಟೋದಲ್ಲಿ ಎಲ್ಲವೂ ಇತ್ತು.

ಇವತ್ತು ಬಂತು. ತಮ್ಮ ಮೊದಲು ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಎಳೆದ, ರಬ್ಬರಿನ ಹಾಗೆ ಹಿಗ್ಗಿತು. ಒಳಗಿನ ಚೀಟಿ ಓದಿದರೆ ಹತ್ತಿಯ ಜೊತೆಗೆ ಪಾಲಿಯೆಸ್ಟರ್, ಹಿಗ್ಗುವ ಎಲಾಸ್ಟೇನ್ ನೂಲು. ಕಾಲಿನ ತುದಿಯನ್ನು ಅಂದಕ್ಕೆಂದು ಮೇಲಕ್ಕೆ ಮಡಚಿ ಹೊಲಿದಿದ್ದರು. ಕೊನೆಗೆ ಸ್ಲ್ಯಾಗ್, ಅಂದರೆ ಬೆಸುಗೆಯ ಮೇಲೆ ಗಟ್ಟಿಯಾಗುವ ಪದರ, ಒಡೆಯುವ ಸುತ್ತಿಗೆಯ ಹಿಡಿಯನ್ನು ಲೂಪ್‌ನೊಳಗೆ ತೂರಿಸಲು ಹೋದ. ಹೋಗಲಿಲ್ಲ. ಬೆರಳು ಹಾಕಿದ, ಬೆರಳೂ ಹೋಗಲಿಲ್ಲ. ಲೂಪ್‌ನ ನಾಲ್ಕೂ ಅಂಚನ್ನು ಪ್ಯಾಂಟಿಗೆ ಸೇರಿಸಿ ಹೊಲಿದುಬಿಟ್ಟಿದ್ದರು.

"ಅಕ್ಕಾ, ಇಲ್ಲಿ ಲೂಪ್‌ನ ಚಿತ್ರ ಬರೆದಿದ್ದಾರೆ ನೋಡು" ಎಂದ. ಪ್ಯಾಂಟನ್ನು ಮಡಚಿ ಮತ್ತೆ ಡಬ್ಬಿಯೊಳಗಿಟ್ಟ.

ಇದೇ ನನ್ನ ಸಂಕಟ. ಕೆಲಸದ ಬಟ್ಟೆಯಿಂದ ಕೆಲಸವನ್ನೇ ತೆಗೆದುಹಾಕಿ, ಮೇಲಿನ ರೂಪವನ್ನು ಮಾತ್ರ ಉಳಿಸಿಕೊಂಡಿದ್ದಾರೆ. ವೆಲ್ಡಿಂಗ್ ಮಾಡುವಾಗ ಹಾರುವ ಕಿಡಿ ಎಂದರೆ ಕರಗಿದ ಲೋಹದ ಹನಿ. ಅದು ದಪ್ಪ ಹತ್ತಿಯ ಮೇಲೆ ಬಿದ್ದರೆ ಬಟ್ಟೆ ಕರಕಲಾಗುತ್ತದೆ, ಸಣ್ಣ ತೂತು ಬೀಳುತ್ತದೆ, ಕೊಡವಿಕೊಂಡು ಕೆಲಸ ಮುಂದುವರಿಸಬಹುದು. ಪಾಲಿಯೆಸ್ಟರ್ ಹಾಗಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಕಿತ್ತರೆ ಚರ್ಮವೂ ಜೊತೆಗೆ ಬರುತ್ತದೆ. ಇನ್ನು ಆ ಮಡಚಿದ ತುದಿ! ಅದರೊಳಗೆ ಕಿಡಿ ಬಿದ್ದು ಕುಳಿತರೆ, ಮುಖದ ಮುಂದೆ ಶೀಲ್ಡ್ ಹಿಡಿದವನಿಗೆ ಕಾಲು ಸುಟ್ಟಾಗಲೇ ತಿಳಿಯುವುದು. ವೆಲ್ಡಿಂಗ್ ಕಲಿಯಲು ಬಂದ ಹುಡುಗರಿಗೆ ಅಪ್ಪ ರಾಡ್ ಮುಟ್ಟಿಸುವ ಮೊದಲು ಪ್ಯಾಂಟಿನ ಮಡಿಕೆ ಬಿಚ್ಚಿಸುತ್ತಿದ್ದರು.

ಈ ಬಟ್ಟೆಗಳಲ್ಲಿ ಒಂದೊಂದು ಹೊಲಿಗೆಗೂ ಒಬ್ಬ ದುಡಿಯುವವನ ಕಾರಣವಿತ್ತು. ಅಮೆರಿಕದ ಜೇಕಬ್ ಡೇವಿಸ್ ಎಂಬ ದರ್ಜಿ ಪ್ಯಾಂಟಿನ ಜೇಬಿನ ಮೂಲೆಗೆ ರಿವೆಟ್, ಅಂದರೆ ಲೋಹದ ಗುಬುಟು, ಹೊಡೆದದ್ದು ಕೂಲಿಯವರ ಜೇಬು ಪದೇ ಪದೇ ಹರಿಯುತ್ತಿದ್ದುದರಿಂದ. ಅವನೂ ಲೀವೈ ಸ್ಟ್ರಾಸ್ ಕಂಪನಿಯೂ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದರು. ಹಿಂದಿನ ಜೇಬಿನ ರಿವೆಟ್ ಕುದುರೆಯ ಜೀನನ್ನೂ ಮನೆಯ ಕುರ್ಚಿಯನ್ನೂ ಗೀರುತ್ತದೆಂದು ತೊಟ್ಟವರು ದೂರಿದರು, 1937ರಲ್ಲಿ ಅದನ್ನು ಬಟ್ಟೆಯ ಅಡಿಗೆ ಸರಿಸಿದರು. ಡೆಟ್ರಾಯಿಟ್‌ನಲ್ಲಿ 1889ರಲ್ಲಿ ಕಂಪನಿ ಕಟ್ಟಿದ ಹ್ಯಾಮಿಲ್ಟನ್ ಕಾರ್‌ಹಾರ್ಟ್ ರೈಲ್ವೆ ಕೆಲಸಗಾರರನ್ನೇ ಕೇಳಿ, ಅವರಿಗೆ ಬೇಕಾದಂತೆ ಓವರಾಲ್ ಹೊಲಿದು ಹೆಸರು ಗಳಿಸಿದ. ಆಗ ಕೇಳುತ್ತಿದ್ದದ್ದು ತೊಟ್ಟು ದುಡಿಯುವವನ ಮಾತು. ನನ್ನ ತಮ್ಮನನ್ನು ಯಾರು ಕೇಳಿದರು?

"ಜೀನ್ಸ್ ಕೂಡ ಹೀಗೇ ಅಲ್ಲವೇ, ಕೂಲಿಯವರಿಂದ ಎಲ್ಲರಿಗೂ ಬಂದದ್ದು, ನೀನೂ ತೊಡುತ್ತೀಯಲ್ಲ?" ಎಂದು ಗೆಳತಿಯೊಬ್ಬಳು ಮಧ್ಯಾಹ್ನ ಫೋನಿನಲ್ಲಿ ಕೇಳಿದಳು. ತೊಡುತ್ತೇನೆ. ಯಾರು ಏನು ತೊಡಬೇಕೆಂಬ ಅಪ್ಪಣೆ ಹೊರಡಿಸಲು ನಾನು ಕುಳಿತಿಲ್ಲ. ಕ್ಯಾನ್ವಾಸ್ ಜಾಕೆಟ್ ಚೆನ್ನಾಗಿ ಕಾಣುತ್ತದೆ, ಕಾಫಿ ಕುಡಿಯಲು ಹೋಗುವಾಗ ಧಾರಾಳವಾಗಿ ತೊಡಿ. ಬೇರೆ ಹೆಸರಿಟ್ಟು ಬೇರೆ ವಿಭಾಗವನ್ನೇ ಮಾಡಿ ಫ್ಯಾಷನ್ ಬಟ್ಟೆ ಮಾರಿದರೆ ನನ್ನ ತಕರಾರೇನೂ ಇಲ್ಲ. ಆದರೆ ಕಿಡಿಗೆ ಕರಗುವ ಬಟ್ಟೆಯನ್ನು ಕೆಲಸದ ಪ್ಯಾಂಟ್ ಎಂದು ಕರೆದು, ವೆಲ್ಡಿಂಗ್ ಶೀಲ್ಡ್ ಹಿಡಿದ ರೂಪದರ್ಶಿಯ ಫೋಟೋ ಹಾಕಿ ಮಾರುವುದು ಮೋಸ. ಕೆಲಸದ ಬಟ್ಟೆ ಫ್ಯಾಷನ್ ಆದರೆ ಕಾರ್ಮಿಕರಿಗೆ ಗೌರವ ಹೆಚ್ಚುತ್ತದೆ ಎನ್ನುವವರೂ ಇದ್ದಾರೆ. ನನಗಂತೂ ಆ ಗೌರವ ಎಲ್ಲಿಯೂ ಕಂಡಿಲ್ಲ.

ಇಲ್ಲಿಯವರೆಗೆ ಯಾರಿಗೂ ಹೇಳದ ಒಂದು ಮಾತನ್ನು ಇಂದು ಹೇಳುತ್ತೇನೆ. ಕಾಲೇಜಿಗೆ ಹೋಗುತ್ತಿದ್ದಾಗ ಅಪ್ಪನ ಅಂಗಿಗಳನ್ನು ಮನೆಯ ಮುಂದಿನ ಹಗ್ಗದ ಮೇಲೆ ಒಣಗಿಸಬೇಡ ಎಂದು ಅಮ್ಮನಿಗೆ ಹೇಳಿದ್ದೆ. ಎದೆ, ತೋಳು, ಹೊಟ್ಟೆಯ ಭಾಗದಲ್ಲೆಲ್ಲ ಕಿಡಿ ಬಿದ್ದ ತೂತುಗಳು, ಪ್ರತಿಯೊಂದರ ಅಂಚಿನಲ್ಲೂ ಕಂದು ಉಂಗುರ. ಸ್ನೇಹಿತೆಯರು ನೋಡುತ್ತಾರೆಂದು ನನಗೆ ನಾಚಿಕೆ. ಅಮ್ಮ ಏನೂ ಹೇಳಲಿಲ್ಲ, ಅಂದಿನಿಂದ ಹಿತ್ತಿಲಲ್ಲಿ ಒಣಗಿಸತೊಡಗಿದರು. ಅಪ್ಪನಿಗೆ ಗೊತ್ತಾಗಿತ್ತೋ ಇಲ್ಲವೋ, ಕೇಳುವ ಧೈರ್ಯ ಅವರಿದ್ದಾಗ ನನಗೆ ಬರಲಿಲ್ಲ. ಇಂದು ಅಂಥವೇ ತೂತುಗಳನ್ನು ಕಾರ್ಖಾನೆಯಲ್ಲಿ ಅಳೆದು ಮಾಡಿದ ಅಂಗಿಗಳ ಜಾಹೀರಾತು ಬಂದಾಗಲೆಲ್ಲ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

2017ರಲ್ಲಿ ಅಮೆರಿಕದ ನಾರ್ಡ್‌ಸ್ಟ್ರಾಂ ಮಳಿಗೆಯವರು ಕೃತಕ ಕೆಸರು ಮೆತ್ತಿದ ಜೀನ್ಸನ್ನು 425 ಡಾಲರಿಗೆ ಮಾರಾಟಕ್ಕಿಟ್ಟಿದ್ದರು. ಕೆಸರಾದರೆ ಉದುರಿಹೋಗುತ್ತದೆ ಎನ್ನೋಣ. ಹೊಸ ಡೆನಿಮ್ ತೊಟ್ಟು ಸವೆದಂತೆ ಕಾಣಲೆಂದು ಅದರ ಮೇಲೆ ರಭಸದಿಂದ ಮರಳು ಹೊಡೆಯುತ್ತಿದ್ದರು. ಆ ಮರಳಿನ ದೂಳು ಕುಡಿದು ಟರ್ಕಿಯ ಎಷ್ಟೋ ತರುಣ ಕೆಲಸಗಾರರು ಸಿಲಿಕೋಸಿಸ್‌ನಿಂದ ಸತ್ತರು. ಗುಣವಾಗದ ಶ್ವಾಸಕೋಶದ ಕಾಯಿಲೆ ಅದು. ಟರ್ಕಿ ಆ ಪದ್ಧತಿಯನ್ನು ನಿಷೇಧಿಸಿದ್ದು 2009ರಲ್ಲಿ. ದುಡಿದು ಸವೆದ ಪ್ಯಾಂಟಿನಂತೆ ಕಾಣುವ ಪ್ಯಾಂಟ್ ಮಾಡಲು ದುಡಿಯುವವನ ಉಸಿರನ್ನೇ ಸವೆಸಿದರು. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ.

ಪ್ಯಾಂಟನ್ನು ವಾಪಸ್ ಕಳಿಸುತ್ತಿದ್ದೇನೆ. ಕಾರಣ ಬರೆಯುವ ಜಾಗದಲ್ಲಿ "ಲೂಪ್‌ನಲ್ಲಿ ಸುತ್ತಿಗೆ ಹಿಡಿಸುವುದಿಲ್ಲ, ಬಟ್ಟೆ ಕಿಡಿಗೆ ಕರಗುತ್ತದೆ" ಎಂದು ಬರೆದಿದ್ದೇನೆ. ತಮ್ಮ ಮಂಡಿಗೆ ತೇಪೆ ಹಾಕಿದ ಹಳೆಯ ಪ್ಯಾಂಟನ್ನೇ ತೊಟ್ಟು ಕೆಲಸಕ್ಕೆ ಹೋದ.

ನಿಮಗೆ ಗೊತ್ತಿರುವ ದರ್ಜಿಗಳು ಯಾರಾದರೂ ದಪ್ಪ ಕ್ಯಾನ್ವಾಸ್ ಹೊಲಿಯುತ್ತಾರೆಯೇ, ತಿಳಿಸಿ. ಪೂರ್ತಿ ಹತ್ತಿಯೇ ಆಗಿರಬೇಕು, ಜೇಬಿಗೆ ಮುಚ್ಚಳ ಇರಬೇಕು, ತುದಿಯಲ್ಲಿ ಹೊರಮಡಿಕೆ ಇರಬಾರದು. ಸೊಂಟ 34, ಉದ್ದ 40. ಲೂಪ್‌ಗೆ ಅಳತೆ ಬೇಕಾದರೆ ಸುತ್ತಿಗೆಯನ್ನೇ ಕಳಿಸಿಕೊಡುತ್ತೇನೆ.