ಹೊಸ ಕನ್ನಡಕಕ್ಕೆ ತಲೆ ಸುತ್ತಿದರೆ ನಂಬರ್ ತಪ್ಪಿದೆ ಅಂತಲೇ ಅಲ್ಲ

‘ಹೊಸ ಕನ್ನಡಕ ಹಾಕಿ ತಲೆ ಸುತ್ತಿದರೆ ನಂಬರ್ ತಪ್ಪಿದೆ, ತಕ್ಷಣ ತೆಗೆದಿಡಿ, ಇಲ್ಲದಿದ್ದರೆ ಕಣ್ಣು ಹಾಳು’ ಎಂಬ ಮೆಸೇಜ್ ಹರಿದಾಡುತ್ತಿದೆ. ಇದರಲ್ಲಿ ನಿಜ ಕಡಿಮೆ, ಗಾಬರಿ ಜಾಸ್ತಿ.

ಮೈನಸ್ ಗಾಜು ವಸ್ತುಗಳನ್ನು ಚಿಕ್ಕದಾಗಿ ತೋರಿಸುತ್ತದೆ, ಪ್ಲಸ್ ಗಾಜು ದೊಡ್ಡದಾಗಿ. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದನ್ನು ಸರಿಪಡಿಸುವ ನಂಬರ್) ಬದಲಾದರಂತೂ ನೆಲ ವಾಲಿದ ಹಾಗೆ, ಬಾಗಿಲ ಚೌಕಟ್ಟು ಓರೆಯಾದ ಹಾಗೆ ಕಾಣುತ್ತದೆ. ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿಡಬೇಕು ಅಂತಲೇ ಗೊತ್ತಾಗುವುದಿಲ್ಲ. ನಂಬರ್ ಸರಿಯಿದ್ದರೂ ಹೀಗಾಗುತ್ತದೆ. ಮಿದುಳು ಹೊಸ ನೋಟಕ್ಕೆ ಒಗ್ಗಿಕೊಳ್ಳಲು ಕೆಲವು ದಿನ ಬೇಕು, ಪ್ರೋಗ್ರೆಸಿವ್ ಲೆನ್ಸ್ (ಒಂದೇ ಗಾಜಿನಲ್ಲಿ ದೂರದಿಂದ ಹತ್ತಿರದವರೆಗೆ ಪವರ್ ಹಂತಹಂತವಾಗಿ ಬದಲಾಗುವಂಥದ್ದು) ಆದರೆ 2 ವಾರವೂ ಹಿಡಿಯಬಹುದು. ಮಧ್ಯೆ ಮಧ್ಯೆ ಹಳೆಯದನ್ನು ಹಾಕಿಕೊಳ್ಳುವ ಆಸೆ ಆಗುತ್ತದೆ, ಅಲ್ವಾ? ಹಾಗೆ ಮಾಡಿದರೆ ಒಗ್ಗುವುದು ಇನ್ನೂ ತಡ.

ಹೊಸ ಕನ್ನಡಕ ಹಾಕಿಕೊಂಡೇ ಇದ್ದರೂ ದೊಡ್ಡವರ ಕಣ್ಣು ಹಾಳಾಗುವುದಿಲ್ಲ.

ಹಾಗಂತ ತಪ್ಪು ಆಗುವುದೇ ಇಲ್ಲ ಅಂತಲ್ಲ. ನಂಬರ್ ಸರಿಯಿದ್ದೂ ಗಾಜಿನ ನಡುಬಿಂದು ಕಣ್ಣಿನ ಪಾಪೆಗೆ ನೇರವಾಗಿ ಕೂರದಿದ್ದರೆ, ಫ್ರೇಮ್ ಮೂಗಿನಿಂದ ಜಾರುತ್ತಿದ್ದರೆ ತಲೆನೋವು ಬರಬಹುದು. 2 ವಾರವಾದರೂ ಕಡಿಮೆಯಾಗದಿದ್ದರೆ ಕನ್ನಡಕ, ನಂಬರ್ ಬರೆದ ಚೀಟಿ ಎರಡನ್ನೂ ತೆಗೆದುಕೊಂಡು ಹೋಗಿ ತಾಳೆ ನೋಡಿಸಿ. ಒಂದು ವಸ್ತು ಎರಡಾಗಿ ಕಂಡರೆ, ಕನ್ನಡಕ ತೆಗೆದ ಮೇಲೂ ತಲೆ ತಿರುಗುತ್ತಿದ್ದರೆ ಮಾತ್ರ ಅಷ್ಟು ದಿನ ಕಾಯಬೇಡಿ. ಕೂಡಲೇ ಡಾಕ್ಟರಿಗೆ ತೋರಿಸಿ.